ಸ್ಟೆಪ್ನಿ ಫೈಲು

ಕಾರ್ಯಕ್ರಮಗಳನ್ನು ಲೈವ್ ಕಳಿಸುವ ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿಕೊಂಡಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿ, "ಮೇಡಂ, ನಿಮ್ಮ ಕಾಲದಲ್ಲಿ ಸರ್ವರ್ ನಿಂತುಹೋದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದಳು. "ಮೊದಲು ಬೈಕೊಳ್ತಿದ್ವಿ, ಆಮೇಲೆ ಅಳ್ತಿದ್ವಿ, ಕೊನೆಗೆ ಯಾವ ವೈರು ಸಡಿಲ ಆಗಿದೆ ಅಂತ ನೋಡ್ತಿದ್ವಿ" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಈಗ ಅಂಗೈಯಗಲದ ಫೋನು ಹಿಡಿದು ನಿಂತರೆ ಮಗುವಿನ ನಾಮಕರಣವನ್ನು ಊರಿಗೆಲ್ಲ ತೋರಿಸಬಹುದು. ಅವಳಿಗೆ ನಮ್ಮ ಪಾಡು ಹೇಗೆ ಅರ್ಥವಾಗಬೇಕು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. ಡಿಪ್ಲೊಮಾ ಮುಗಿಸಿ ಕಾಶಿಯ ಒಂದು ವಿಶ್ವವಿದ್ಯಾಲಯದ ದೃಶ್ಯ-ಶ್ರಾವ್ಯ ವಿಭಾಗಕ್ಕೆ ಟೆಕ್ನಿಷಿಯನ್ ಆಗಿ ಹೋದವಳು ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದೆ. ಬಡ್ತಿಯ ಕತೆ ಹೇಳುವುದಿಲ್ಲ. ಅದು ಬಂದದ್ದು ತಡವಾಗಿ, ಬಂದಾಗ ಖುಷಿಪಡುವ ಉತ್ಸಾಹವೂ ಉಳಿದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು ಮಿಶ್ರಾಜಿ. ಬಾಯಲ್ಲಿ ಸದಾ ಪಾನ್ ಇರುತ್ತಿದ್ದರಿಂದ ಅವರ ಅರ್ಧ ಮಾತನ್ನು ಅಂದಾಜಿನ ಮೇಲೆ ತಿಳಿದುಕೊಳ್ಳಬೇಕಿತ್ತು. ಒಂದು ದಿನ ಪಾನ್ ಉಗಿದು ಬಂದು, ಸ್ಪಷ್ಟವಾಗಿ, "ವಿಮಲಾಜಿ, ಹಾಸ್ಟೆಲ್ ಹಾಸ್ಟೆಲ್‌ಗೂ ನಮ್ಮ ಕಾರ್ಯಕ್ರಮ ಲೈವ್ ಹೋಗಬೇಕು. ಸರ್ವರ್ ಮಾಡಿ" ಎಂದರು. ಸರ್ವರ್ ಎಂದರೆ ಕ್ಯಾಮೆರಾದ ಚಿತ್ರವನ್ನು ಪಡೆದು ಎಲ್ಲ ಪರದೆಗಳಿಗೂ ಹಂಚುವ ಕಂಪ್ಯೂಟರು. ಯಾವುದರಲ್ಲಿ ಮಾಡಲಿ ಎಂದು ಕೇಳಿದೆ. ಗುಮಾಸ್ತರು ಕಾಗದ ಟೈಪು ಮಾಡುತ್ತಿದ್ದ ಡೆಸ್ಕ್‌ಟಾಪಿನತ್ತ ಬೆರಳು ತೋರಿಸಿದರು. ಹೊಸದಕ್ಕೆ ಮಂಜೂರಾತಿ ಇರಲಿಲ್ಲ. ಗೋಡ್ರೆಜ್ ಬೀರುವಿನಷ್ಟು ದೊಡ್ಡದೇನೋ ಬರುತ್ತದೆಂದು ಜಾಗ ಖಾಲಿ ಮಾಡಿಟ್ಟಿದ್ದ ವಿಭಾಗದವರೆಲ್ಲ ನನ್ನನ್ನು ಅನುಮಾನದಿಂದ ನೋಡಿದರು.

ಕೂತೆ. ಕ್ಯಾಮೆರಾದಿಂದ ಬರುವ ಚಿತ್ರವನ್ನು ಒಳಗೆ ತೆಗೆದುಕೊಳ್ಳಲು ಒಂದು ಕಾರ್ಡು ಹಾಕಿದೆ, ಹಳೆಯ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದೆ. ಸರ್ವರಿನ ಸೆಟ್ಟಿಂಗುಗಳೆಲ್ಲ ಒಂದು ಸಾದಾ ಫೈಲಿನಲ್ಲಿ ಕೈಯಾರೆ ಬರೆಯಬೇಕಾದವು. ಎಲ್ಲೋ ಒಂದು ಚುಕ್ಕೆ ಬಿಟ್ಟರೆ ಇಡೀ ಯಂತ್ರ ಮುನಿಸಿಕೊಂಡು ಕೂರುತ್ತಿತ್ತು, ಏಕೆ ಎಂದು ಹೇಳುತ್ತಲೂ ಇರಲಿಲ್ಲ. ಮೊದಲ ಸಲ ತೆರೆದ ಬಾಗಿಲಿನಾಚೆ ಪಕ್ಕದ ಕೋಣೆಯ ಪರದೆಯ ಮೇಲೆ ನಮ್ಮ ಕೋಣೆಯ ಟೇಬಲ್ ಫ್ಯಾನು ತಿರುಗುವುದು ಕಾಣಿಸಿದಾಗ ನಾನು ಕುರ್ಚಿಯಿಂದ ಎದ್ದು ಓಡಿದೆ. ಅಲ್ಲಿಗೆ ಹೋಗಿ ನಿಂತ ಮೇಲೆ, ನಾನು ಕುರ್ಚಿಯಿಂದ ಏಳುವುದು ಆ ಪರದೆಯಲ್ಲಿ ಕಾಣಿಸಿತು. ಬೆಚ್ಚಿಬಿದ್ದೆ. ಇಲ್ಲಿ ನಿಂತಿರುವ ನಾನು ಅಲ್ಲಿ ಈಗಷ್ಟೇ ಏಳುತ್ತಿದ್ದೇನೆ.

ಹೊಸಬರು ತಿಳಿದುಕೊಳ್ಳಬೇಕಾದ ಮೊದಲ ಸಂಗತಿ ಇದು. ಚಿತ್ರ ದಾರಿಯಲ್ಲಿ ತಡೆದು ತಡೆದು ಬರಬಾರದೆಂದು ಸರ್ವರ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಆಗಿನ ನಮ್ಮ ಬಡ ಸಂಪರ್ಕದಲ್ಲಿ ಹೊರ ಊರಿಗಾದರೆ ಅರ್ಧ ನಿಮಿಷವೇ ತಡವಾಗುತ್ತಿತ್ತು. ಲೈವ್ ಎಂದು ನೀವು ನೋಡುವುದೆಲ್ಲ ಆಗಿಹೋದದ್ದೇ.

ಆ ವರ್ಷ ವಿಶ್ವಕರ್ಮ ಪೂಜೆಗೆ ಮಿಶ್ರಾಜಿ ಸರ್ವರಿಗೆ ಕುಂಕುಮ ಹಚ್ಚಿ ಹಾರ ಹಾಕಿದರು. ಅಲ್ಲಿಯವರೆಗೆ ನಾನೂ ಕೈಮುಗಿದೇ ನಿಂತಿದ್ದೆ. ಆಮೇಲೆ ತಂಬಿಗೆಯಿಂದ ಧಾರಾಳವಾಗಿ ಗಂಗಾಜಲ ಪ್ರೋಕ್ಷಿಸಿದರು. ಯಂತ್ರ ಓಡುತ್ತಿತ್ತು. ಒಳಗಿನಿಂದ ಫಟ್ ಎಂದು ಸದ್ದು ಬಂದು ಸುಟ್ಟ ವಾಸನೆ ಹರಡಿತು. ನಾನು ಓಡಿಹೋಗಿ ಪ್ಲಗ್ಗು ಕಿತ್ತೆ. "ಗಂಗಾಜಲ್ ಹೈ, ಕುಛ್ ನಹೀ ಹೋಗಾ", ಗಂಗಾಜಲ ತಾನೇ, ಏನೂ ಆಗುವುದಿಲ್ಲ ಎಂದು ಅವರು ನನಗೇ ಧೈರ್ಯ ಹೇಳಿದರು. ಅದನ್ನು ಸರಿಮಾಡುವಷ್ಟರಲ್ಲಿ ದಸರಾ ಮುಗಿದಿತ್ತು.

ಎರಡನೆಯ ಸಂಗತಿ ಸ್ಟೆಪ್ನಿ. ಕಾರಿಗೆ ಸ್ಟೆಪ್ನಿ ಚಕ್ರ ಇರುತ್ತದಲ್ಲ, ಹಾಗೆ. ಕ್ಯಾಮೆರಾದ ವೈರು ಕಳಚಿಕೊಂಡರೆ ಪರದೆ ಕಪ್ಪಾಗಬಾರದು. ಅದಕ್ಕೆ ಸರ್ವರಿನಲ್ಲಿ ಮೊದಲೇ ಒಂದು ಫೈಲು ಇಟ್ಟಿರುತ್ತೇವೆ. ವೈರು ಕಳಚಿದ ಕ್ಷಣ ಆ ಫೈಲು ತಾನಾಗಿ ಓಡಲು ಶುರುವಾಗುತ್ತದೆ, ವೈರು ಮತ್ತೆ ಸೇರಿದರೆ ಸುಮ್ಮನಾಗುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ವಿಭಾಗದಲ್ಲಿ ಅದನ್ನು ಸ್ಟೆಪ್ನಿ ಫೈಲು ಎಂದೇ ಕರೆಯುತ್ತಿದ್ದೆವು.

ಒಂದು ವಾರ್ಷಿಕ ಸಮಾರಂಭಕ್ಕೆ ನಮ್ಮವರೇ ಒಬ್ಬರು ಹಿಂದಿನ ವರ್ಷದ ಸಮಾರಂಭವನ್ನು ಸ್ಟೆಪ್ನಿಯಾಗಿ ಇಟ್ಟಿದ್ದರು. ಸಭಾಂಗಣದಲ್ಲಿ ಯಾರೋ ವೈರು ಎಡವಿದರು. ಹಾಸ್ಟೆಲುಗಳ ಟಿವಿಯಲ್ಲಿ ಹಿಂದಿನ ವರ್ಷದ ಮುಖ್ಯ ಅತಿಥಿ ಎದ್ದುನಿಂತು ಭಾಷಣ ಶುರುಮಾಡಿದರು. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಪರದೆಯ ಮೂಲೆಯಲ್ಲಿ ಲೈವ್ ಎಂಬ ಕೆಂಪು ಅಕ್ಷರ ಮಿನುಗುತ್ತಲೇ ಇತ್ತು. ಸಭಾಂಗಣದಲ್ಲಿ ಕೂತಿದ್ದ ಅವರ ಹೆಂಡತಿಗೆ ಹಾಸ್ಟೆಲಿನಲ್ಲಿದ್ದ ಮೊಮ್ಮಗ ಫೋನ್ ಮಾಡಿದ, ತಾತ ಟಿವಿಯಲ್ಲಿ ಮಾತಾಡ್ತಿದಾರೆ ಎಂದು. ಆ ಹೆಂಗಸು ಎದ್ದು ಸುತ್ತ ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಿಶ್ರಾಜಿ ಅವತ್ತು ಕೂಗಾಡಲಿಲ್ಲ. ಎಲ್ಲರನ್ನೂ ಕರೆದು ಕೂರಿಸಿ ಮೆಲ್ಲಗೆ ಹೇಳಿದರು: "ಲೈವ್ ಅಂದ್ರೆ ಲೈವ್. ಸ್ಟೆಪ್ನೀಲಿ ಹೂವು ಇಡಿ, ನದಿ ಇಡಿ. ಮನುಷ್ಯರನ್ನ ಇಡಬೇಡಿ." ಆ ನಿಯಮ ಒಂದೇ ಒಂದು ಸಲ ಮುರಿಯಿತು, ಅದೂ ವಿಭಾಗದ ಹೊರಗೆ. ಮುರಿದವರು ಯಾರು ಎಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬಾರದು.

ನಾನಿದ್ದದ್ದು ಕಾಶಿಯ ಶಿವಾಲ ಎಂಬ ಕೇರಿಯ ಒಂದು ಇಕ್ಕಟ್ಟಿನ ಗಲಿಯಲ್ಲಿ. ಅದೇ ಗಲಿಯಲ್ಲಿ, ಕೇದಾರ ಘಾಟಿನ ಕಡೆ ಹೋಗುವ ತಿರುವಿನಲ್ಲಿ, ನಮ್ಮ ಕಡೆಯ ಏಳೆಂಟು ಮುದುಕಿಯರು ಒಟ್ಟಾಗಿದ್ದ ಒಂದು ಮನೆ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವರು. ವಿಭಾಗದಿಂದ ಹೊರಹಾಕಿದ್ದ ಒಂದು ಡೆಸ್ಕ್‌ಟಾಪನ್ನು ಕೇಳಿ ಪಡೆದು ಅವರ ಪಡಸಾಲೆಯಲ್ಲಿ ಇಟ್ಟು, ಹಳೆಯ ಕ್ಯಾಸೆಟ್ಟುಗಳ ದೇವರನಾಮಗಳನ್ನೆಲ್ಲ ಅದಕ್ಕೆ ತುಂಬಿ, ಕೋಣೆ ಕೋಣೆಗೂ ಸ್ಪೀಕರ್ ಎಳೆದುಕೊಟ್ಟಿದ್ದೆ. ಅವರೆಲ್ಲ ಆನಂದಪಡುತ್ತಾರೆಂದು ತಿಳಿದಿದ್ದೆ. ಒಂದೇ ವಾರಕ್ಕೆ ಯಾರ ಹಾಡು ಮೊದಲು ಬರಬೇಕೆಂದು ಜಗಳವಾಗಿ ಇಬ್ಬರು ಮಾತು ಬಿಟ್ಟಿದ್ದರು.

ಆ ಮನೆಯ ನಂಜಮ್ಮನವರು ಮೈಸೂರಿನವರು. ಕ್ಷೇತ್ರಸಂನ್ಯಾಸದ ಸಂಕಲ್ಪ ಮಾಡಿದ್ದರು. ಅಂದರೆ ಪ್ರಾಣವಿರುವವರೆಗೆ ಕಾಶಿಯ ಎಲ್ಲೆ ದಾಟುವಂತಿಲ್ಲ. ಗಂಗೆಯಾಚೆ ಕಣ್ಣಿಗೆ ಕಾಣುವ ಅಲ್ಲಿನ ರಾಮನಗರಕ್ಕೂ ಹೋದವರಲ್ಲ. ಬಾಯಿ ಮಾತ್ರ ಯಾವ ಎಲ್ಲೆಗೂ ಸಿಕ್ಕಿದ್ದಲ್ಲ. ನಾನು ಕೂದಲು ಗಿಡ್ಡ ಮಾಡಿಸಿಕೊಂಡು ಬಂದ ದಿನ, "ಏನೇ ವಿಮಲಾ, ನಿನ್ನ ತಲೆಗೆ ಬಂದರ್ ಕೈ ಹಾಕ್ತಾ?" ಎಂದು ಗಲಿಗೆಲ್ಲ ಕೇಳುವಂತೆ ವಿಚಾರಿಸಿಕೊಂಡಿದ್ದರು. ಕಾಶಿಯಲ್ಲಿ ಇದ್ದೂ ಇದ್ದೂ ಅವರ ಬಾಯಲ್ಲಿ ಕೋತಿ ಬಂದರ್ ಆಗಿತ್ತು, ಕರೆಂಟು ಬಿಜ್ಲಿ ಆಗಿತ್ತು.

ಅವರ ಮಗ ಶ್ರೀಕಂಠ. ಶ್ರೀಕಂಠನ ಒಬ್ಬಳೇ ಮಗಳು ಸುಮಾ. ಅವಳಿಗೆ ಹಿಂದೆ ಒಂದು ಸಂಬಂಧ ಗೊತ್ತಾಗಿ, ಅಷ್ಟರಲ್ಲಿ ಹುಡುಗನ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದು, ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಮುರಿದುಹೋಗಿತ್ತು. ವರ್ಷಗಳ ಮೇಲೆ ಇನ್ನೊಂದು ಕೂಡಿಬಂತು. ಮದುವೆಗೆ ಅಜ್ಜಿ ಬರುವಂತಿಲ್ಲ. "ಇಲ್ಲಿಂದಲೇ ತೋರಿಸಕ್ಕಾಗತ್ತೇನೇ?" ಎಂದು ನಂಜಮ್ಮ ನನ್ನನ್ನು ಕೇಳಿದರು. ಆಗಷ್ಟೇ ನಮ್ಮ ಗಲಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಆಗುತ್ತದೆ ಎಂದುಬಿಟ್ಟೆ.

ಅತ್ತಲಿಂದ ಮದುವೆ ಬರಬೇಕು, ಇತ್ತಲಿಂದ ಅಜ್ಜಿ ಹೋಗಬೇಕು. ಮೈಸೂರಿನಲ್ಲಿ ಶ್ರೀಕಂಠರ ಸ್ನೇಹಿತ ಪ್ರಕಾಶ್, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ಛತ್ರದ ಪಕ್ಕದ ಸೈಬರ್ ಸೆಂಟರಿನಿಂದ ಕೇಬಲ್ ಎಳೆದು ಮಂಟಪದೆದುರು ಕ್ಯಾಮೆರಾ ಇಟ್ಟರು. ನಾನು ಪಡಸಾಲೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದೆ. ಅಲ್ಲಿಂದ ನಂಜಮ್ಮನವರ ಕೋಣೆಗೆ ಕ್ಯಾಮೆರಾದ ವೈರು ಎಳೆದು, ಮದುವೆ ನೋಡಲು ಅವರ ಮಂಚದೆದುರು ಟಿವಿ ಇಟ್ಟೆ. ನಂಜಮ್ಮನವರ ಚಿತ್ರ ಛತ್ರದ ಗೋಡೆಯ ಮೇಲೆ ದೊಡ್ಡದಾಗಿ ಬೀಳುವುದೆಂದು ಹೇಳಿದಾಗ ಅವರು ಬಾಯಿತುಂಬ ನಕ್ಕರು.

"ನಾನು ಅಲ್ಲೇ ಇದ್ದಿದ್ರೆ ವಿಧವೆ ಅಂತ ಮಂಟಪದ ಹತ್ರ ಬಿಡ್ತಿರ್ಲಿಲ್ಲ ಕಣೇ. ಮೂಲೇಲಿ ಒಂದು ಕುರ್ಚಿ ಹಾಕೋರು. ಇಲ್ಲಿಂದಾದ್ರೆ ಗೋಡೆ ತುಂಬ ಕಾಣ್ತೀನಿ."

ಮದುವೆಯ ಹಿಂದಿನ ಮಧ್ಯಾಹ್ನ ಪರೀಕ್ಷೆಗೆಂದು ಕ್ಯಾಮೆರಾ ಹಚ್ಚಿದೆ. ನಂಜಮ್ಮನವರಿಗೆ ಕೆಲವು ದಿನಗಳಿಂದ ಜ್ವರವಿತ್ತು. ಆಸ್ಪತ್ರೆಗೆ ಬನ್ನಿ ಎಂದು ವಿಶ್ವವಿದ್ಯಾಲಯದ ನಮ್ಮ ಕನ್ನಡದ ಡಾಕ್ಟರೊಬ್ಬರು ಹೇಳಿಹೋಗಿದ್ದರೂ ಕೇಳಿರಲಿಲ್ಲ. ಬರಿಯ ಪರೀಕ್ಷೆ, ಎರಡು ಮಾತಾಡಿದರೆ ಸಾಕು ಎಂದೆ. ಅವರು ಪೆಟ್ಟಿಗೆ ತೆಗೆಸಿ ರೇಷ್ಮೆ ಸೀರೆ ಉಟ್ಟು, ಗೋಡೆಗೆ ಒರಗದೆ ನೆಟ್ಟಗೆ ಕೂತರು.

"ಇಲ್ಲಿ ಆಡಿದ್ದು ಅಲ್ಲಿಗೆ ಹೋಗಕ್ಕೆ ಎಷ್ಟು ಹೊತ್ತು?"

"ಅರ್ಧ ನಿಮಿಷ ಆಗತ್ತೆ. ಅವರಿಗೂ ಹೇಳಿದೀನಿ. ಅವರು ಕೇಳಿದ ತಕ್ಷಣ ನೀವು ಉತ್ತರ ಕೊಟ್ಟ ಹಾಗೆ ಕಾಣಲ್ಲ."

"ಒಳ್ಳೇದೇ ಆಯ್ತು" ಎಂದು ಕ್ಯಾಮೆರಾ ನೋಡಿದರು. "ಶ್ರೀಕಂಠ, ಕೈ ನಡುಗಿಸ್ಬೇಡ, ಧಾರೆ ನೀರು ಸರಿಯಾಗಿ ಬೀಳ್ಲಿ." ಸುಮ್ಮನಾದರು. ಬಹಳ ಹೊತ್ತು ಬಿಟ್ಟು, "ಸುಮಾ, ತಲೆ ಎತ್ತು ಮಗು, ನೋಡ್ಲಿ ಎಲ್ಲಾರೂ ನಿನ್ನ ಮುಖಾನ" ಎಂದರು. ಮತ್ತೆ ಸುಮ್ಮನಾಗಿ, ಆಮೇಲೆ ಮುಷ್ಟಿ ತುಂಬ ಅಕ್ಷತೆ ತೆಗೆದು ಕ್ಯಾಮೆರಾದತ್ತ ಹಾಕಿದರು. ಲೆನ್ಸಿನೊಳಗೆ ಅಕ್ಕಿ ಹೋದೀತೆಂದು ನನಗೆ ಸಿಟ್ಟು ಬಂತು. ಕೊನೆಗೆ ಕೈಮುಗಿದು ಹಾಗೇ ಕೂತುಬಿಟ್ಟರು. ಸಾಕು ಎಂದರೂ ಏಳಲಿಲ್ಲ.

"ಇದು ಒಳಗೆ ಉಳಿಯತ್ತಾ?"

"ಅಳಿಸಿಬಿಡ್ತೀನಿ."

"ಬೇಡ. ನಾಳೆ ಕ್ಯಾಮೆರಾ ಕೆಟ್ಟೋದ್ರೆ ಏನು ಮಾಡ್ತೀಯ?"

ಸ್ಟೆಪ್ನಿಯ ವಿಷಯ ಹೇಳಿದೆ. ಗಂಗೆಯ ಚಿತ್ರ ಇಟ್ಟಿದ್ದೇನೆ ಎಂದೆ.

"ಅವರು ಕಾದಿರೋದು ಗಂಗೆ ನೋಡಕ್ಕಲ್ಲ, ನನ್ನ ನೋಡಕ್ಕೆ. ನಂದನ್ನೇ ಇಡು."

ಮಿಶ್ರಾಜಿಯ ಮಾತು ನೆನಪಾಗಿ ಆಗುವುದಿಲ್ಲ ಎಂದೆ. ಅವರು ಬಿಡಲಿಲ್ಲ. ಬಂದರ್ ಬಂದು ವೈರು ಕಿತ್ತರೆ ಏನು ಗತಿ ಎಂದರು, ಬಿಜ್ಲಿ ಹೋದರೆ ಎಂದರು. ಬಿಜ್ಲಿ ಹೋದರೆ ಸ್ಟೆಪ್ನಿಯೂ ಹೋಗುತ್ತದೆ ಎಂದು ನಾನು ಪಾಠ ಮಾಡಿದೆ. ಮುದುಕಿಯ ಜೊತೆ ವಾದಿಸಿ ಸಾಕಾಗಿ, ಕ್ಷಣ ಮಾತ್ರದ ಅಡಚಣೆಗೆ ತಾನೇ ಎಂದುಕೊಂಡು ಅವರದನ್ನೇ ಇಟ್ಟೆ.

ಮರುದಿನ ಬೆಳಿಗ್ಗೆ ಎಲ್ಲ ಸರಿಯಾಗಿ ಕೂಡಿಕೊಂಡಿತು. ಟಿವಿಯಲ್ಲಿ ಮೈಸೂರಿನ ಛತ್ರ ಕಾಣಿಸಿದಾಗ ಮನೆಯ ಮುದುಕಿಯರೆಲ್ಲ ಅಂಚೆಚೀಟಿಯ ಚಿತ್ರದಂತೆ ಮಸುಕಾಗಿದ್ದ ಆ ಮುಖಗಳಲ್ಲಿ ಯಾರು ಯಾರೆಂದು ಗುರುತು ಹಿಡಿಯತೊಡಗಿದರು. ನಂಜಮ್ಮ ಅದೇ ರೇಷ್ಮೆ ಉಟ್ಟು ದಿಂಬಿಗೆ ಒರಗಿದ್ದರು. ಮೈ ಸುಡುತ್ತಿತ್ತು. ಕಾಶೀಯಾತ್ರೆಯ ಶಾಸ್ತ್ರ ಬಂತು. ಮದುಮಗ ಕೊಡೆ ಕೋಲು ಹಿಡಿದು ಕಾಶಿಗೆ ಹೊರಟ ಹಾಗೆ ಮಾಡಿದ. ಶ್ರೀಕಂಠರು ಹೋಗಿ ತಡೆದು, ನನ್ನ ಮಗಳನ್ನು ಕೊಡುತ್ತೇನೆ ಎಂದು ಬೇಡಿಕೊಂಡರು.

"ಬರ್ಲಿ ಬಿಡೋ, ಯಾಕೆ ತಡೀತೀಯ? ನಾನು ಇಲ್ಲೇ ಇದೀನಿ" ಎಂದು ನಂಜಮ್ಮ ಕ್ಯಾಮೆರಾಗೆ ಹೇಳಿದರು. ಅರ್ಧ ನಿಮಿಷದ ಮೇಲೆ ಇಡೀ ಛತ್ರ ನಕ್ಕಿತು. ಆ ನಗು ನಮಗೆ ಬಂದು ತಲುಪುವಷ್ಟರಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು. ದಣಿವಿರಬೇಕು ಎಂದುಕೊಂಡೆ. ಎಲ್ಲರನ್ನೂ ಹೊರಗೆ ಕಳಿಸಿ, ಅವರ ಜೊತೆಗಾತಿ ಸೀತಕ್ಕನನ್ನು ಪಕ್ಕದಲ್ಲಿ ಕೂರಿಸಿ, ನಾನು ಪಡಸಾಲೆಯ ಕಂಪ್ಯೂಟರಿನ ಮುಂದೆ ಹೋಗಿ ಕೂತೆ.

ಮುಹೂರ್ತ ಹತ್ತಿರ ಬಂತು. ಇತ್ತಲಿಂದ ಹೋಗುತ್ತಿರುವ ಚಿತ್ರ ನನ್ನ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಒಮ್ಮೆ ನೋಡುತ್ತೇನೆ, ನಂಜಮ್ಮ ದಿಂಬು ಬಿಟ್ಟು ನೆಟ್ಟಗೆ ಕೂತಿದ್ದಾರೆ. ಪರವಾಗಿಲ್ಲ, ಚೇತರಿಸಿಕೊಂಡರು ಎಂದುಕೊಂಡೆ. ಮರುಕ್ಷಣವೇ ಅವರ ಮುಖದ ಮೇಲಿನ ಬೆಳಕು ನೋಡಿದೆ. ಕಿಟಕಿಯ ಬಿಸಿಲು ಪಶ್ಚಿಮದ ಕಡೆಯಿಂದ ಬೀಳುತ್ತಿತ್ತು. ಅದು ನಿನ್ನೆ ಮಧ್ಯಾಹ್ನ. ವೈರು ಕಳಚಿ ಸ್ಟೆಪ್ನಿ ಓಡುತ್ತಿದೆ. ಕೋತಿಗಳನ್ನು ಬೈದುಕೊಳ್ಳುತ್ತ ಒಳಗೆ ಓಡಿದೆ.

ಕೋತಿ ಇರಲಿಲ್ಲ. ಸೀತಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಕ್ಯಾಮೆರಾದ ವೈರಿನ ತುದಿ ಅವರ ಕೈಯಲ್ಲಿತ್ತು. ನಂಜಮ್ಮನವರ ತಲೆ ಒಂದು ಕಡೆ ವಾಲಿತ್ತು, ತುಟಿಯಂಚಿನಿಂದ ನೀರು ಇಳಿದಿತ್ತು.

"ಕಿತ್ತಿದ್ದು ನಾನೇ" ಎಂದರು ಸೀತಕ್ಕ. "ಅವಳೇ ಹೇಳಿದ್ದು. ನಂಗೆ ಆಗ್ತಿಲ್ಲ ಸೀತೆ, ವೈರು ಕೀಳು ಅಂದ್ಲು. ಕಿತ್ತೆ. ಆಮೇಲೆ ಬಾಯಿಗೆ ಗಂಗೆ ಬಿಟ್ಟೆ. ಅರ್ಧ ಒಳಗೋಯ್ತು, ಅರ್ಧ ಹೊರಗೆ ಬಂತು."

ನಂಜಮ್ಮನವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ, ಉಸಿರಿರಲಿಲ್ಲ. ಗೋಡೆ ಹಿಡಿದುಕೊಂಡೆ. ಟಿವಿಯಲ್ಲಿ ಅಂತರಪಟ ಹಿಡಿದಿದ್ದರು, ಓಲಗ ಊದುತ್ತಿತ್ತು. ಫೋನು ಎಲ್ಲಿದೆ ಎಂದು ಹುಡುಕಿದೆ.

"ಫೋನಿಗೆ ಕೈ ಹಾಕ್ಬೇಡ ವಿಮಲಾ. ಹೆತ್ತ ತಾಯಿ ಹೋದ್ಲು ಅಂದ್ರೆ ಮಗ ಧಾರೆ ಎರೆಯೋ ಹಾಗಿಲ್ಲ, ವರ್ಷ ಪೂರ್ತಿ ಶುಭಕಾರ್ಯ ಇಲ್ಲ. ಮದುವೆಗೆ ಮುಂಚಿನ ನಾಂದಿ ಪೂಜೆ ಆದ್ಮೇಲೆ ಸೂತಕ ಅಡ್ಡಿ ಇಲ್ಲ ಅನ್ನೋರೂ ಇದಾರೆ. ಬೀಗರು ಶಾಸ್ತ್ರ ಕೇಳ್ತಾರಾ? ಆ ಮಗೂಗೆ ಎರಡನೇ ಸಲ ಕಾಲ್ಗುಣ ಅಂತಾರೆ. ಕಿವಿಗೆ ಬೀಳೋವರೆಗೂ ಸೂತಕ ಇಲ್ಲ. ತಾಳಿ ಕಟ್ಲಿ."

"ಸೀತಕ್ಕ, ಅಲ್ಲಿ ಅವರನ್ನೇ ನೋಡ್ತಿದಾರೆ ಎಲ್ಲ."

"ನೋಡ್ಲಿ ಅಂತಾನೇ ಅಲ್ವೇನೇ ನಿನ್ನೆ ಅಷ್ಟೊತ್ತು ಕೂತಿದ್ದು?"

ಆಗ ನನಗೆ ತಿಳಿಯಿತು. ರೇಷ್ಮೆ ಸೀರೆ, ಮಾತಿನ ನಡುವಿನ ಆ ಬಿಡುವು, ಅರ್ಧ ನಿಮಿಷದ ಲೆಕ್ಕ, ಅಳಿಸಬೇಡ ಎಂದದ್ದು. ನಾನು ಮುದುಕಿಯ ಹಟ ಎಂದುಕೊಂಡಿದ್ದೆ. ಅವರು ನನ್ನ ಸರ್ವರನ್ನು ನನಗಿಂತ ಮುಂದಾಲೋಚನೆಯಿಂದ ಸಜ್ಜುಮಾಡಿ ಹೋಗಿದ್ದರು. ಅಳು ಬರಲಿಲ್ಲ, ಹೆದರಿಕೆಯಾಯಿತು.

ಫೋನು ಹೊಡೆದುಕೊಂಡಿತು. ಪ್ರಕಾಶ್. "ಮೇಡಂ, ಅಜ್ಜಿ ಈಗ ಚೆನ್ನಾಗಿ ಕಾಣ್ತಿದಾರೆ. ಧ್ವನಿ ಒಂಚೂರು ಜೋರು ಮಾಡಿ."

ಹೋಗಿ ಕೂತು ಜೋರು ಮಾಡಿದೆ. ನನ್ನ ಕೈ ತಾನಾಗಿ ಕೆಲಸ ಮಾಡುತ್ತಿತ್ತು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಾಗಿತ್ತು. ಫೈಲು ಮುಗಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಆಡಿದ ಮಾತನ್ನೇ ಮತ್ತೆ ಆಡುತ್ತಾರೆ, ಗುಟ್ಟು ಬಯಲಾಗುತ್ತದೆ. ಕೊನೆಯಲ್ಲಿ ಕೈಮುಗಿದು ಕೂತಿದ್ದ ಭಾಗವನ್ನಷ್ಟೇ ಕತ್ತರಿಸಿ, ಅದೇ ಮತ್ತೆ ಮತ್ತೆ ಬರುವ ಹಾಗೆ ಸರ್ವರಿಗೆ ಬರೆದೆ. ಒಂದು ಚುಕ್ಕೆ ತಪ್ಪಿದರೂ ಎಲ್ಲ ನಿಂತುಹೋಗುತ್ತಿತ್ತು. ತಪ್ಪಲಿಲ್ಲ.

ಒಳಗೆ ಬಂದು ಸೀತಕ್ಕನ ಪಕ್ಕ ಕೂತೆ. ಟಿವಿಯಲ್ಲಿ ಅಂತರಪಟ ಸರಿಯಿತು. ಸುಮಾ ತಲೆ ತಗ್ಗಿಸಿ ನಿಂತಿದ್ದಳು. ಛತ್ರದ ಗೋಡೆಯಿಂದ ನಂಜಮ್ಮನವರ ದನಿ ಕೇಳಿಸಿತು: "ಸುಮಾ, ತಲೆ ಎತ್ತು ಮಗು, ನೋಡ್ಲಿ ಎಲ್ಲಾರೂ ನಿನ್ನ ಮುಖಾನ." ಆ ಹುಡುಗಿ ತಲೆ ಎತ್ತಿದಳು. ಗೋಡೆಯತ್ತ ನೋಡಿ ನಕ್ಕಳು. ನಮ್ಮ ಪಕ್ಕದಲ್ಲಿ, ಮಂಚದ ಮೇಲೆ, ಆ ಮಾತು ಹೇಳಿದ ಬಾಯಿ ಅರ್ಧ ತೆರೆದುಕೊಂಡಿತ್ತು. ಸೀತಕ್ಕ ಸೆರಗಿನಿಂದ ಅದನ್ನು ಒರೆಸಿ ಗಲ್ಲ ಎತ್ತಿ ಹಿಡಿದರು.

ಗೋಡೆಯ ಮೇಲಿನ ನಂಜಮ್ಮ ಅಕ್ಷತೆ ಹಾಕಿದರು. ಸ್ವಲ್ಪ ಹೊತ್ತಿಗೆ ಶ್ರೀಕಂಠರು ಧಾರೆ ಎರೆದರು. ಕೈ ನಡುಗಲಿಲ್ಲ. ಗಟ್ಟಿಮೇಳ ಮೊಳಗಿ ತಾಳಿ ಕಟ್ಟಿದರು, ಸಪ್ತಪದಿಯೂ ಆಯಿತು. ಅಲ್ಲಿಯವರೆಗೆ ಗೋಡೆಯ ಮೇಲೆ ಅಜ್ಜಿ ಕೈಮುಗಿದೇ ಕೂತಿದ್ದರು. ಜನ ಊಟದ ಕಡೆ ಎದ್ದ ಮೇಲೆ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಶ್ರೀಕಂಠರೇ.

"ಎಲ್ಲ ಮುಗೀತು ವಿಮಲಾ ಅವರೇ."

"ನೋಡಿದ್ವಿ. ಚೆನ್ನಾಗಿ ಆಯ್ತು" ಎಂದೆ.

ಅವರು ದನಿ ತಗ್ಗಿಸಿದರು. "ಧಾರೆಗೆ ಅಂತ ಪಂಚೆ ಬದಲಾಯಿಸಿದ್ದೆ, ಅಂಚು ತಿರುಗುಮುರುಗಾಗಿತ್ತು. ಧಾರೆಗೆ ಕೂತ್ಮೇಲೆ ನೋಡ್ಕೊಂಡೆ. ಅಮ್ಮ ನೋಡ್ತಿದ್ದಿದ್ರೆ ಇಡೀ ಛತ್ರಕ್ಕೆ ಕೇಳೋ ಹಾಗೆ ಬೈದಿರೋರು. ಗೋಡೆ ಮೇಲೆ ಸುಮ್ನೆ ಕೈಮುಗಿದು ಕೂತಿದ್ರು."

"ಅಂದ್ರೆ, ನಿಮಗೆ ಆಗಲೇ..."

"ನೀವು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ." ಅವರ ದನಿ ಒಡೆಯಿತು. "ಈಗ ಹೇಳಿ."

"ಅಮ್ಮ ಹೋದ್ರು ಶ್ರೀಕಂಠ ಅವರೇ" ಎಂದೆ.

ಫೋನಿನಲ್ಲಿ ಒಂದು ಸದ್ದು ಕೇಳಿಸಿತು, ಅದು ಅಳುವೋ ಉಸಿರೋ ತಿಳಿಯಲಿಲ್ಲ. ನಾನು ತಲೆ ಎತ್ತಿದೆ. ಟಿವಿಯಲ್ಲಿ ಮಂಟಪದ ಕಂಬದ ಪಕ್ಕ ಶ್ರೀಕಂಠರು ಕಾಣುತ್ತಿದ್ದರು. ಅರ್ಧ ನಿಮಿಷ ಹಿಂದಿನ ಅವರು ಇನ್ನೂ ಫೋನಿನ ಗುಂಡಿ ಒತ್ತುತ್ತಿದ್ದರು. ದಾಟಿಹೋಗುತ್ತಿದ್ದ ಬೀಗರೊಬ್ಬರು ಏನೋ ಹೇಳಿದ್ದಕ್ಕೆ ನಕ್ಕು ತಲೆಯಾಡಿಸಿ, ಫೋನನ್ನು ಕಿವಿಗೆ ಹಿಡಿದರು. ಆ ಮನುಷ್ಯನಿಗೆ ನಾನಿನ್ನೂ ಹೇಳಿರಲಿಲ್ಲ. ಅವರ ಮುಖಕ್ಕೆ ಆ ಸುದ್ದಿ ಬರುವುದನ್ನು ನೋಡುವ ಧೈರ್ಯವಾಗದೆ ಎದ್ದು ಟಿವಿ ಆರಿಸಿದೆ.